ಕೆಂಪು ಹಾವಿನ ಲೆಕ್ಕ, ನಮ್ಮ ಮನೆಯ ಮಾತು

ಜೀವಶಾಸ್ತ್ರದ ಅಸೈನ್‌ಮೆಂಟಿನಲ್ಲಿ ನಾನು ಬರೆದ ಒಂದು ವಾಕ್ಯದ ಕೆಳಗೆ ನಮ್ಮ ಮೇಡಂ ಗೆರೆ ಎಳೆದು, ಪಕ್ಕದಲ್ಲಿ ಎರಡೇ ಪದ ಬರೆದಿದ್ದರು: "ಯಾವ ಕೆಂಪು?" ಅಂಕ ಹೋದದ್ದು ಅರ್ಧ ಮಾತ್ರ. ಆದರೆ ಆ ಎರಡು ಪದಗಳಿಗೆ ಉತ್ತರ ಹುಡುಕುತ್ತಾ ನಾನು ಓದಿದ್ದು ನಮ್ಮ ಮನೆಯಲ್ಲಿ ವರ್ಷಗಳಿಂದ ನಡೆದುಬಂದ ಒಂದು ಮಾತನ್ನೇ ಪ್ರಶ್ನಿಸುವಂತೆ ಮಾಡಿತು. ಅದಕ್ಕಾಗಿ ಈ ಲೇಖನ.

ಬಟಾಣಿ ಗಿಡ ಮತ್ತು ಹಣ್ಣಿನ ನೊಣ ಬಿಟ್ಟು ಬೇರೆ ಯಾವುದಾದರೂ ಜೀವಿಯನ್ನು ತೆಗೆದುಕೊಂಡು ಮೆಂಡಲನ ನಿಯಮಗಳನ್ನು ವಿವರಿಸಬೇಕಿತ್ತು. ಗೆಳತಿಯರು ಕೋಳಿ, ಮೊಲ, ಸಂಜೆಮಲ್ಲಿಗೆ ಎಂದು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಅಮೆರಿಕದ ಕಾರ್ನ್ ಸ್ನೇಕ್. ನಿಜ ಹೇಳಬೇಕೆಂದರೆ ಚಿತ್ರ ನೋಡಿ ಮರುಳಾಗಿ ಆರಿಸಿದೆ. ಮಾಣಿಕ್ಯದಂಥ ಕೆಂಪು ಮೈ, ಕೆಂಪು ಕಣ್ಣು, ಎಲ್ಲೂ ಒಂದು ಚೂರು ಕಪ್ಪಿಲ್ಲ. ಅದನ್ನು ನೋಡಿ ನಾನು ಬರೆದ ವಾಕ್ಯ ಇದು: "ಕಾರ್ನ್ ಸ್ನೇಕ್‌ನಲ್ಲಿ ಕೆಂಪು ಬಣ್ಣದ ಜೀನ್ ರಿಸೆಸಿವ್ ಆಗಿದೆ." ಓದುವಾಗ ಸರಿಯಾಗಿಯೇ ಕೇಳಿಸುತ್ತದೆ. ಆದರೆ ತಪ್ಪು.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು. ನ್ಯೂಜೆರ್ಸಿಯಿಂದ ಫ್ಲೋರಿಡಾದವರೆಗೆ ಕಾಡಿನಂಚಿನಲ್ಲಿ, ಹೊಲಗಳಲ್ಲಿ, ಹಳೆಯ ಕಣಜಗಳ ಸುತ್ತಮುತ್ತ ಇರುತ್ತದೆ. ವಿಷವಿಲ್ಲ. ಇಲಿಯನ್ನು ಸುತ್ತಿ ಬಿಗಿದು ಕೊಂದು ತಿನ್ನುತ್ತದೆ. ನಮ್ಮ ಕೇರೆಹಾವಿನ ಕುಟುಂಬಕ್ಕೇ ಸೇರಿದ್ದು. ಹೊಟ್ಟೆಯ ಕಡೆ ಕಪ್ಪು–ಬಿಳಿ ಚೌಕಗಳು ಮೆಕ್ಕೆಜೋಳದ ತೆನೆಯ ಬಣ್ಣಬಣ್ಣದ ಕಾಳುಗಳಂತೆ ಕಾಣುವುದರಿಂದ ಈ ಹೆಸರು ಬಂತೆಂದು ಕೆಲವರು, ಜೋಳದ ಕಣಜದ ಇಲಿಗಳನ್ನು ಹುಡುಕಿಕೊಂಡು ಬರುವುದರಿಂದ ಬಂತೆಂದು ಕೆಲವರು ಹೇಳುತ್ತಾರೆ. ಸಿಟ್ಟು ಕಡಿಮೆ, ಸಾಕುವುದು ಸುಲಭ. ಆದ್ದರಿಂದ ಆ ದೇಶದಲ್ಲಿ ಹತ್ತಾರು ವರ್ಷಗಳಿಂದ ಜನ ಇದನ್ನು ಮನೆಯಲ್ಲಿ ಸಾಕಿ, ಮರಿ ಮಾಡಿಸಿ, ಬಣ್ಣಬಣ್ಣದ ತಳಿಗಳನ್ನು ತೆಗೆದಿದ್ದಾರೆ.

ಕಾಡಿನಲ್ಲಿರುವ ಸಾಮಾನ್ಯ ಕಾರ್ನ್ ಸ್ನೇಕ್ ಹೇಗಿರುತ್ತದೆ ಎಂದು ಮೊದಲು ನೋಡಬೇಕು. ಕಿತ್ತಳೆ ಅಥವಾ ಕಂದು ಮೈ. ಬೆನ್ನ ಮೇಲೆ ಉದ್ದಕ್ಕೂ ಕೆಂಪು ಮಚ್ಚೆಗಳು. ಪ್ರತಿ ಮಚ್ಚೆಯ ಸುತ್ತ ಕಪ್ಪು ಅಂಚು. ಅಂದರೆ ಸಾಮಾನ್ಯ ಹಾವಿನಲ್ಲೇ ಕೆಂಪು ಇದೆ! ನಾನು ಇಷ್ಟನ್ನು ಗಮನಿಸಿದ್ದರೆ ಸಾಕಿತ್ತು, ಮೇಡಂ ಆ ಪ್ರಶ್ನೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ.

ಹಾವಿನ ಚರ್ಮದಲ್ಲಿ ಬಣ್ಣದ ಕೋಶಗಳು ಒಂದೇ ಬಗೆಯವಲ್ಲ. ಕಪ್ಪು–ಕಂದು ಬಣ್ಣದ ಮೆಲನಿನ್ ಇಟ್ಟುಕೊಂಡ ಕೋಶಗಳು ಒಂದು ಬಗೆ. ಹಳದಿ ಮತ್ತು ಕೆಂಪು ಬಣ್ಣದ ಕೋಶಗಳು ಇನ್ನೊಂದು ಬಗೆ. ಸಣ್ಣ ಹರಳುಗಳಿಂದ ಬೆಳಕನ್ನು ತಿರುಗಿಸಿ ಹೊಳಪು ಕೊಡುವ ಕೋಶಗಳು ಮತ್ತೊಂದು ಬಗೆ. ಇವು ಒಂದರ ಜೊತೆ ಒಂದು ಸೇರಿ ನಮ್ಮ ಕಣ್ಣಿಗೆ ಕಾಣುವ ಬಣ್ಣವಾಗುತ್ತದೆ. ನನ್ನನ್ನು ಮರುಳು ಮಾಡಿದ ಆ ಕೆಂಪು ಹಾವಿನಲ್ಲಿ ಹೊಸದಾಗಿ ಕೆಂಪು ಬಂದು ಸೇರಿಲ್ಲ. ಕಪ್ಪು ಇಲ್ಲವಾಗಿದೆ. ಅಷ್ಟೇ. ಗೋಡೆಯ ಮೇಲಿನ ಮಸಿ ತೊಳೆದಾಗ ಕೆಳಗಿದ್ದ ಬಣ್ಣ ಎದ್ದು ಕಾಣುತ್ತದಲ್ಲ, ಹಾಗೆ. ಸಾಕುವವರು ಇದನ್ನು "ಅಮೆಲ್" ಎನ್ನುತ್ತಾರೆ, ಮೆಲನಿನ್ ಇಲ್ಲದ್ದು ಎಂಬ ಅರ್ಥದಲ್ಲಿ. "ಕೆಂಪು ಆಲ್ಬಿನೊ" ಎಂಬ ಹೆಸರೂ ಇದೆ. ಆಲ್ಬಿನೊ ಎಂದರೆ ಬಿಳಿ ಎಂದುಕೊಂಡವರಿಗೆ ಇದು ಆಶ್ಚರ್ಯ. ಹಾವಿನಲ್ಲಿ ಕಪ್ಪು ಹೋದರೂ ಬೇರೆ ಬಣ್ಣದ ಕೋಶಗಳು ಉಳಿಯುತ್ತವೆ, ಆದ್ದರಿಂದ ಅದು ಕೆಂಪು. ನಮ್ಮ ಚರ್ಮದಲ್ಲಿ ಅಂಥ ಪ್ರತ್ಯೇಕ ಕೆಂಪು–ಹಳದಿ ಕೋಶಗಳಿಲ್ಲ. ಆದ್ದರಿಂದ ಮೆಲನಿನ್ ಇಲ್ಲದ ಮನುಷ್ಯ ಬೆಳ್ಳಗೆ ಕಾಣುತ್ತಾನೆ.

ಈ ಕೆಂಪು ಆಲ್ಬಿನೊ ಹಾವಿನ ಚರಿತ್ರೆ 1953ರಲ್ಲಿ ಶುರುವಾಗುತ್ತದೆ. ಆ ವರ್ಷ ನಾರ್ತ್ ಕ್ಯಾರೊಲಿನಾದಲ್ಲಿ ಕಾಡಿನಿಂದ ಇಂಥದೊಂದು ಗಂಡು ಹಾವು ಸಿಕ್ಕಿತು. ಜಾರ್ಜಿಯಾ ರಾಜ್ಯದ ಚರ್ಮರೋಗ ವೈದ್ಯ ಬರ್ನಾರ್ಡ್ ಬೆಕ್ಟೆಲ್ ಹಾವಿನ ಬಣ್ಣದ ವಿಷಯದಲ್ಲಿ ಆಸಕ್ತಿ ಇದ್ದವರು. ಅವರು ಈ ಸಾಲನ್ನು ಬೆಳೆಸಿದರು. 1961ರಲ್ಲಿ ಅವರಲ್ಲಿ ಆಲ್ಬಿನೊ ಮರಿಗಳು ಮೊಟ್ಟೆಯೊಡೆದು ಬಂದವು. ಮರುವರ್ಷ ಅದರ ವಿವರ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾವಿನಲ್ಲೂ ಈ ಗುಣ ಮೆಂಡಲ್ ಬಟಾಣಿಯಲ್ಲಿ ಕಂಡ ರೀತಿಯಲ್ಲೇ ಸಾಗುತ್ತದೆ ಎಂಬುದು ಅದರ ಸಾರ.

ಸಾಗುವ ರೀತಿ ನಮಗೆಲ್ಲ ಗೊತ್ತಿರುವುದೇ. ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಆಲ್ಬಿನೊ ಹಾವಿನಲ್ಲಿ ಎರಡೂ ಪ್ರತಿಗಳು ಕೆಟ್ಟಿವೆ. ಅದನ್ನು ಸಾಮಾನ್ಯ ಹಾವಿನ ಜೊತೆ ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಒಂದೊಂದು ಒಳ್ಳೆಯ ಪ್ರತಿ ಇರುತ್ತದೆ. ಮೆಲನಿನ್ ಮಾಡಲು ಒಂದು ಸಾಕು. ಆದ್ದರಿಂದ ಎಲ್ಲ ಮರಿಗಳೂ ನೋಡಲು ಸಾಮಾನ್ಯ. ಆದರೆ ಎಲ್ಲವೂ ಒಂದು ಕೆಟ್ಟ ಪ್ರತಿಯನ್ನು ಹೊತ್ತುಕೊಂಡೇ ಇರುತ್ತವೆ. ಇಂಥ ಎರಡು ಹಾವುಗಳು ಕೂಡಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಕೆಂಪು ಆಲ್ಬಿನೊ ಆಗುತ್ತದೆ.

ಇಲ್ಲಿ ನಾನು ಒಂದು ಗೆರೆ ಎಳೆದುಕೊಂಡೆ: ತಾಯಿ ಒಬ್ಬಳಿಂದ ಇದು ಆಗುವುದಿಲ್ಲ, ತಂದೆ ಒಬ್ಬನಿಂದಲೂ ಆಗುವುದಿಲ್ಲ. ಇಬ್ಬರೂ ಒಂದೊಂದು ಪ್ರತಿ ಕೊಡಲೇಬೇಕು.

ಆ ಜೀನ್ ಯಾವುದು ಎಂಬುದು ತಿಳಿಯಲು ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಹಿಡಿದರು. ಓಸಿಎ2 ಎಂಬ ಜೀನಿನೊಳಗೆ ಡಿಎನ್ಎಯ ಒಂದು ಜಿಗಿಯುವ ತುಂಡು ಬಂದು ಕೂತಿದೆ. ಪುಸ್ತಕದ ನಡುವೆ ಬೇರೆ ಯಾವುದೋ ಪುಸ್ತಕದ ಹಾಳೆಗಳನ್ನು ಹೊಲಿದುಬಿಟ್ಟರೆ ವಾಕ್ಯ ಹೇಗೆ ಕೆಡುತ್ತದೋ ಹಾಗೆ ಆ ಜೀನಿನ ಓದು ಕೆಡುತ್ತದೆ. ಡಿಎನ್ಎ ತುಂಡುಗಳು ಹೀಗೆ ಜಾಗ ಬದಲಿಸುತ್ತವೆ ಎಂದು ಮೊದಲು ಕಂಡುಹಿಡಿದವರು ಬಾರ್ಬರಾ ಮೆಕ್ಲಿಂಟಾಕ್. ಅವರು ನೋಡಿದ್ದು ಮೆಕ್ಕೆಜೋಳದ ಕಾಳಿನ ಬಣ್ಣವನ್ನು. ಬಹಳ ಕಾಲ ಹೆಚ್ಚಿನವರು ಅದಕ್ಕೆ ಬೆಲೆ ಕೊಡಲಿಲ್ಲ. 1983ರಲ್ಲಿ ಅವರಿಗೆ ನೊಬೆಲ್ ಬಂತು. ಜೋಳದಲ್ಲಿ ಕಂಡದ್ದೇ ಜೋಳದ ಹೆಸರಿನ ಹಾವಿನಲ್ಲೂ ಸಿಕ್ಕಿತು.

ಇನ್ನು ಓಸಿಎ2 ಎಂಬ ಹೆಸರು. ಅದು ಹಾವಿಗಾಗಿ ಇಟ್ಟ ಹೆಸರಲ್ಲ. ಮನುಷ್ಯರಲ್ಲಿ ಕಣ್ಣು ಮತ್ತು ಚರ್ಮದ ಆಲ್ಬಿನಿಸಂನ ಎರಡನೆಯ ಬಗೆಗೆ ಕಾರಣವಾದ ಜೀನ್ ಎಂದು ಇಟ್ಟ ಹೆಸರು. ಅದೇ ಜೀನ್ ಹಾವಿನಲ್ಲೂ ಇದೆ, ನಮ್ಮಲ್ಲೂ ಇದೆ. ಮೆಕ್ಸಿಕೊದ ಕತ್ತಲ ಗುಹೆಗಳಲ್ಲಿರುವ ಬಣ್ಣವಿಲ್ಲದ ಮೀನುಗಳಲ್ಲೂ ಇದೇ ಜೀನ್ ಕೆಟ್ಟಿರುವುದು ಕಂಡುಬಂದಿದೆ. ಆ ಪುಟದಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು "ಯಾವ ಕೆಂಪು?" ಎಂಬ ಪ್ರಶ್ನೆಗೆ ಉತ್ತರ ಮುಗಿಸಬೇಕು.

ಕಪ್ಪು ಕಳೆದುಕೊಂಡ ಹಾವು ಇರುವ ಹಾಗೆಯೇ ಕೆಂಪು ಕಳೆದುಕೊಂಡ ಹಾವೂ ಇದೆ. ಅದನ್ನು "ಅನೆರಿ" ಎನ್ನುತ್ತಾರೆ. ಬೂದು ಮೈ, ಕಪ್ಪು ಮಚ್ಚೆ. ಇದೂ ರಿಸೆಸಿವ್, ಆದರೆ ಬೇರೆ ಜೀನ್. ಅಮೆಲ್ ಮತ್ತು ಅನೆರಿ ಹಾವುಗಳನ್ನು ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದವು. ಆ ಮರಿಗಳನ್ನು ಒಂದಕ್ಕೊಂದು ಕೂಡಿಸಿದರೆ ಹದಿನಾರರಲ್ಲಿ ಒಂಬತ್ತು ಸಾಮಾನ್ಯ, ಮೂರು ಕೆಂಪು, ಮೂರು ಬೂದು, ಒಂದು ಬಿಳಿ. ಆ ಒಂದಕ್ಕೆ ಕಪ್ಪೂ ಇಲ್ಲ, ಕೆಂಪೂ ಇಲ್ಲ. ಅದರ ಹೆಸರು "ಸ್ನೋ", ಹಿಮ. ನಾವು ಬಟಾಣಿಯ ಬಣ್ಣ ಮತ್ತು ಆಕಾರ ಇಟ್ಟುಕೊಂಡು ಬಾಯಿಪಾಠ ಮಾಡಿದ ಒಂಬತ್ತು–ಮೂರು–ಮೂರು–ಒಂದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಪರೀಕ್ಷೆಗೆ ಓದುವವರು ಈ ಹಾವನ್ನು ನೆನಪಿಟ್ಟುಕೊಂಡರೆ ಆ ಅನುಪಾತ ಮರೆಯುವುದಿಲ್ಲ.

ಇದಕ್ಕಿಂತ ಚೆನ್ನಾದ ಇನ್ನೊಂದು ಲೆಕ್ಕ ಇದೆ. ಫ್ಲೋರಿಡಾದ ಹಾವುಗಳಿಂದಲೇ ಬಂದ "ಚಾರ್ಕೋಲ್" ಎಂಬ ಮತ್ತೊಂದು ಬೂದು ತಳಿಯಲ್ಲೂ ಕೆಂಪು ಇಲ್ಲ. ಮೊದಮೊದಲು ಅದನ್ನು ಅನೆರಿಯ ಎರಡನೆಯ ಬಗೆ ಎಂದೇ ಕರೆಯುತ್ತಿದ್ದರು. ಒಂದು ಅನೆರಿ, ಒಂದು ಚಾರ್ಕೋಲ್ ಕೂಡಿದರೆ ಏನಾಗುತ್ತದೆ? ತಂದೆ ಬೂದು, ತಾಯಿ ಬೂದು. ಮರಿಗಳೆಲ್ಲ ಕೆಂಪು ಮಚ್ಚೆಯ ಸಾಮಾನ್ಯ ಹಾವುಗಳು! ಎರಡೂ ಕಡೆ ಕೆಟ್ಟಿರುವುದು ಬೇರೆ ಬೇರೆ ಜೀನ್. ತಾಯಿಯಲ್ಲಿ ಇಲ್ಲದ್ದನ್ನು ತಂದೆ ತುಂಬಿದ, ತಂದೆಯಲ್ಲಿ ಇಲ್ಲದ್ದನ್ನು ತಾಯಿ ತುಂಬಿದಳು. ಹೊರಗಿನಿಂದ ಎರಡೂ ಒಂದೇ ತರ, ಒಳಗಿನ ಕಾರಣ ಬೇರೆ. ಮನುಷ್ಯರಲ್ಲೂ ಹೀಗೆಯೇ, ಆಲ್ಬಿನಿಸಂ ಇರುವ ಗಂಡ–ಹೆಂಡತಿಗೆ ಆಲ್ಬಿನಿಸಂ ಇಲ್ಲದ ಮಕ್ಕಳು ಹುಟ್ಟಿದ ದಾಖಲೆಗಳಿವೆ.

ಇನ್ನು ಮೂರನೆಯ ಕೆಂಪು. ಅದು ಒಂದು ಜೀನಿನ ಕೆಲಸವೇ ಅಲ್ಲ. ಸೌತ್ ಕ್ಯಾರೊಲಿನಾದ ಜಾಸ್ಪರ್ ಕೌಂಟಿಯ ಒಂದು ಬೇಟೆ ಪ್ರದೇಶದ ಹೆಸರಿನಿಂದ "ಓಕಿಟೀ" ಎಂದು ಕರೆಯುವ ಹಾವುಗಳಿವೆ. ಕಿತ್ತಳೆ ಮೈ, ಕಡುಕೆಂಪು ಮಚ್ಚೆ, ದಪ್ಪ ಕಪ್ಪು ಅಂಚು. ಪ್ರತಿ ಪೀಳಿಗೆಯಲ್ಲೂ ಹೆಚ್ಚು ಕೆಂಪಗಿರುವ ಮರಿಗಳನ್ನೇ ಉಳಿಸಿಕೊಂಡು, ಅವುಗಳಿಂದಲೇ ಮರಿ ಮಾಡಿಸುತ್ತಾ ಬಣ್ಣವನ್ನು ಕಡುವಾಗಿಸಿದ್ದಾರೆ. ಒಳ್ಳೆಯ ಬಿತ್ತನೆ ತೆನೆ ಆರಿಸುವ ರೈತನ ಕೆಲಸವೇ ಇದು. ಇಲ್ಲಿ ಸಣ್ಣ ಸಣ್ಣ ಪ್ರಭಾವದ ಹಲವು ಜೀನ್‌ಗಳು ಕೂಡುತ್ತಾ ಹೋಗುತ್ತವೆ. ನಾಲ್ಕರಲ್ಲಿ ಒಂದು ಎಂಬ ಲೆಕ್ಕ ಇಲ್ಲಿ ಸಿಗುವುದಿಲ್ಲ.

ನಾಲ್ಕನೆಯದು "ಬ್ಲಡ್ ರೆಡ್", ರಕ್ತಗೆಂಪು. ಫ್ಲೋರಿಡಾದ ಹಾವುಗಳಿಂದ ಬಂದ ಸಾಲು. ದೊಡ್ಡದಾದಾಗ ಮಚ್ಚೆಗಳೇ ಮಾಯವಾಗಿ ಮೈಯೆಲ್ಲ ಒಂದೇ ಕೆಂಪು. ಬಹಳ ಕಾಲ ಇದನ್ನೂ ಒಂದೇ ಗುಣ ಎಂದುಕೊಂಡಿದ್ದರು. ಬೇರೆ ಸಾಲುಗಳ ಜೊತೆ ಕೂಡಿಸಿ ನೋಡಿದಾಗ ಎರಡು ಎಳೆಗಳು ಬಿಡಿಸಿಕೊಂಡವು. ಮಚ್ಚೆಯನ್ನು ಮಸುಕುಗೊಳಿಸಿ ಹೊಟ್ಟೆಯ ಚೌಕಗಳನ್ನು ಅಳಿಸುವುದು ಒಂದು ಜೀನ್. ಅದಕ್ಕೆ ಈಗ "ಡಿಫ್ಯೂಸ್ಡ್" ಎನ್ನುತ್ತಾರೆ. ಕಡುಗೆಂಪು ಬಂದದ್ದು ಹಲವು ಪೀಳಿಗೆಗಳ ಆಯ್ಕೆಯಿಂದ. ಕೆಂಪಿಲ್ಲದ ಅನೆರಿಯ ಜೊತೆಗೂ ಡಿಫ್ಯೂಸ್ಡ್ ಗುಣವನ್ನು ಸೇರಿಸಬಹುದು. ಆಗ ಮಚ್ಚೆಯಿಲ್ಲದ ಬೂದು ಹಾವು ಬರುತ್ತದೆ. ಅಂದರೆ "ರಕ್ತಗೆಂಪಿನ ಜೀನ್" ಎಂದು ಕರೆದದ್ದು ಕೆಂಪಿನದ್ದೇ ಆಗಿರಲಿಲ್ಲ.

ಈ ಸಾಲಿನಲ್ಲಿ ಇನ್ನೊಂದು ಪಾಠವಿತ್ತು. ಕೆಂಪು ಕಡುವಾಗಲೆಂದು ಹತ್ತಿರದ ಸಂಬಂಧದ ಹಾವುಗಳನ್ನೇ ಮತ್ತೆ ಮತ್ತೆ ಕೂಡಿಸಿದ್ದರಿಂದ ಮೊದಲಿನ ಬ್ಲಡ್ ರೆಡ್ ಮರಿಗಳು ಸಣ್ಣವು, ತಿನ್ನಲು ಒಪ್ಪದವು ಎಂಬ ಕೆಟ್ಟ ಹೆಸರು ಬಂತು. ಹೊರಗಿನ ಹಾವುಗಳನ್ನು ಸೇರಿಸಿದ ಮೇಲೆ ಸುಧಾರಿಸಿತು. ಬಣ್ಣಕ್ಕಾಗಿ ಪ್ರಾಣಿಯನ್ನು ಹೀಗೆ ಹಿಂಡುವುದು ನನಗೆ ಒಪ್ಪಿಗೆಯಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮಾರುವವನಿಗೆ ಪೆಟ್ಟಿಗೆಯ ಮೇಲಿನ ಹೆಸರು ಮುಖ್ಯ, ಒಳಗಿರುವ ಮರಿಗೆ ಹಸಿವು ಮುಖ್ಯ. ಓದಿ ಆಸೆಯಾದವರಿಗೆ ಇನ್ನೊಂದು ಮಾತು: ನಮ್ಮ ಸುತ್ತಲಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾವನ್ನು ಪುಸ್ತಕದಲ್ಲಿ ಸಾಕಿದರೆ ಸಾಕು.

ಈಗ ಮೇಡಂ ಪ್ರಶ್ನೆಗೆ ನನ್ನ ಉತ್ತರ. ಒಂದು ಕೆಂಪು, ಕಪ್ಪು ಕಳೆದುಕೊಂಡದ್ದರಿಂದ. ಒಂದು ಕೆಂಪು, ಹಲವು ಜೀನ್‌ಗಳು ಕೂಡಿದ್ದರಿಂದ. ಇನ್ನೊಂದರಲ್ಲಿ ಮಚ್ಚೆ ಮಸುಕಾಗಿ ಕೆಂಪು ಹರಡಿದೆ. ಸಾಮಾನ್ಯ ಹಾವಿನ ಕೆಂಪು ಮೊದಲಿನಿಂದಲೂ ಇದ್ದದ್ದು. ಕಣ್ಣಿಗೆ ಎಲ್ಲವೂ ಕೆಂಪೇ. ಯಾವುದು ಯಾವುದು ಎಂದು ತಿಳಿಯಬೇಕಾದರೆ ಮರಿ ಮಾಡಿಸಿ ಎಣಿಸಬೇಕು, ಇಲ್ಲವೆ ಡಿಎನ್ಎ ಓದಬೇಕು. ಬರೀ ನೋಡಿ ಹೇಳಲಾಗದು.

ಓಸಿಎ2 ಎಂಬ ಹೆಸರು ಓದಿ ನಾನು ಸುಮ್ಮನೆ ಕೂತದ್ದು ಯಾಕೆಂದು ಈಗ ಹೇಳುತ್ತೇನೆ. ನನ್ನ ಮಾವನ ಮಗ ಹುಟ್ಟಿದ್ದು ಬೆಳ್ಳಗಿನ ಕೂದಲು, ಬೆಳ್ಳಗಿನ ರೆಪ್ಪೆಯೊಂದಿಗೆ. ಅವನಿಗೆ ಆಲ್ಬಿನಿಸಂ ಇದೆ. ಯಾವ ಜೀನಿನಿಂದ ಬಂದದ್ದು ಎಂದು ಪರೀಕ್ಷೆ ಮಾಡಿಸಿಲ್ಲ. ಮನುಷ್ಯರಲ್ಲಿ ಇದಕ್ಕೆ ಕಾರಣವಾಗುವ ಜೀನ್‌ಗಳು ಹಲವಿವೆ, ಓಸಿಎ2 ಅವುಗಳಲ್ಲೊಂದು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕೇಳಿದಾಗ, "ಬರಿ, ಆದರೆ ಪಾಪ ಅಂತ ಬರೀಬೇಡ" ಎಂದ.

ಅವನು ಹುಟ್ಟಿದಾಗ ನನಗೆ ಎರಡು ವರ್ಷ. ಆಗಿನ ಮಾತುಗಳನ್ನು ನಾನು ಕೇಳಿದ್ದು ಉಮ್ಮನಿಂದ. ಮಾಮಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿಗೆ ಹೊರಗೆ ಬಂದಿದ್ದಳಂತೆ, ಅದಕ್ಕೇ ಹೀಗೆ ಎಂದು ಒಬ್ಬರು. ಮಗು ಬೆಳ್ಳಗಾಗಲೆಂದು ಏನೇನೋ ತಿಂದಳು ಎಂದು ಇನ್ನೊಬ್ಬರು. ಅವಳ ತವರಿನಲ್ಲಿ ಏನೋ ಇದೆ, ಮುಚ್ಚಿಟ್ಟು ಮದುವೆ ಮಾಡಿದರು ಎಂದು ಮತ್ತೊಬ್ಬರು. ಮಾವನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮಾಮಿ ಕೆಲವು ವರ್ಷ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ತಿಳಿಯದೆ ಆಡಿದ ಮಾತು. ಆದರೆ ಅದನ್ನು ಹೊತ್ತುಕೊಂಡದ್ದು ಒಬ್ಬಳೇ.

ಹಾವಿನ ಲೆಕ್ಕ ಏನು ಹೇಳುತ್ತದೆ ನೋಡಿ. ಮಗುವಿಗೆ ಈ ರಿಸೆಸಿವ್ ಗುಣ ಬರಬೇಕಾದರೆ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ ಬಂದಿರಲೇಬೇಕು. ಅಂದರೆ ಅರ್ಧ ನಮ್ಮ ಮಾಮಿಯ ಕಡೆಯದು, ಅರ್ಧ ನಮ್ಮದೇ ಕಡೆಯದು. ಮಾವನಲ್ಲಿ ಇದ್ದ ಆ ಪ್ರತಿ ಅವರಿಗೆ ನಮ್ಮ ಅಜ್ಜನಿಂದಲೋ ಅಜ್ಜಿಯಿಂದಲೋ ಬಂದಿರಬೇಕು. ಹಾಗಾದರೆ ಅದು ನನ್ನ ಉಮ್ಮನಲ್ಲೂ ಇರಬಹುದು, ನನ್ನಲ್ಲೂ ಇರಬಹುದು. ಅಸೈನ್‌ಮೆಂಟಿನ ಹಿಂದಿನ ಹಾಳೆಯಲ್ಲಿ ನಾನೇ ಲೆಕ್ಕ ಹಾಕಿದೆ. ಉಮ್ಮನಲ್ಲಿ ಇರುವ ಸಾಧ್ಯತೆ ಎರಡರಲ್ಲಿ ಒಂದು. ನನ್ನಲ್ಲಿ ನಾಲ್ಕರಲ್ಲಿ ಒಂದು. ಗ್ರಹಣಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾವು ಮಾರುವವರು ಮರಿಯ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ "66 ಶೇಕಡಾ ಹೆಟ್" ಎಂದು ಬರೆಯುತ್ತಾರೆ. ಹೆಟ್ ಎಂದರೆ ಹೆಟೆರೊಜೈಗಸ್, ಒಂದು ಪ್ರತಿ ಅಡಗಿಸಿಕೊಂಡದ್ದು. ಹೊತ್ತುಕೊಂಡ ಎರಡು ಹಾವುಗಳ ಮರಿಗಳಲ್ಲಿ ನಾಲ್ಕಕ್ಕೆ ಒಂದು ಕೆಂಪು ಆಲ್ಬಿನೊ. ಉಳಿದ ಮೂರು ನೋಡಲು ಒಂದೇ ತರ. ಆದರೆ ಆ ಮೂರರಲ್ಲಿ ಎರಡು ಹೆಟ್, ಒಂದು ಅಲ್ಲ. ಆದ್ದರಿಂದ ಸಾಮಾನ್ಯವಾಗಿ ಕಾಣುವ ಪ್ರತಿ ಮರಿಗೂ ಮೂರರಲ್ಲಿ ಎರಡು ಸಾಧ್ಯತೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾವು "ಎರಡರಲ್ಲಿ ಒಂದು" ಎಂದು ಬರೆದು ಅಂಕ ಕಳೆದುಕೊಳ್ಳುತ್ತೇವೆ. ನನ್ನ ಮಾವನ ಮಗನ ಅಕ್ಕನಿಗೂ ಇದೇ ಲೆಕ್ಕ. ಹಾವಿನ ವ್ಯಾಪಾರಿ ಯಾವ ನಾಚಿಕೆಯೂ ಇಲ್ಲದೆ ಪೆಟ್ಟಿಗೆಯ ಮೇಲೆ ಬರೆಯುವ ಸಂಗತಿಯನ್ನು ನಾವು ಮನೆಯಲ್ಲಿ ಪಿಸುಮಾತಿನಲ್ಲೂ ಆಡುವುದಿಲ್ಲ.

ಇದನ್ನು ನಾನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಎರಡು ಆಕ್ಷೇಪ ಎತ್ತಿದಳು. ಎರಡೂ ನ್ಯಾಯವಾದವೇ.

"ಹಾವಿಗೂ ಮನುಷ್ಯರಿಗೂ ಹೋಲಿಕೆ ಮಾಡ್ತೀಯಾ? ಕೇಳಿದವರಿಗೆ ನೋವಾಗೋದಿಲ್ವಾ?" ಎಂಬುದು ಮೊದಲನೆಯದು. ನಾನು ಹೋಲಿಸುತ್ತಿರುವುದು ಮನುಷ್ಯನನ್ನು ಹಾವಿಗೆ ಅಲ್ಲ, ಲೆಕ್ಕವನ್ನು ಲೆಕ್ಕಕ್ಕೆ. ಮೆಂಡಲ್ ಬಟಾಣಿ ಎಣಿಸಿದ. ಅದರಿಂದ ನಾವ್ಯಾರೂ ಬಟಾಣಿಯಾಗಲಿಲ್ಲ. ಕೆಂಪು ಹಾವಿನ ಮರಿ ಹುಟ್ಟಿದಾಗ ಅದರ ತಾಯಿಯನ್ನು ಯಾರೂ ಬೈಯುವುದಿಲ್ಲ. ಸಾಕಿದವನು ಶಾಂತವಾಗಿ ಕೂತು ತಂದೆ–ತಾಯಿ ಎರಡೂ ಕಡೆ ಬರೆದುಕೊಳ್ಳುತ್ತಾನೆ. ಅಷ್ಟು ನ್ಯಾಯವನ್ನು ಮನುಷ್ಯರಿಗೂ ಕೊಡಿ ಎನ್ನುವುದು ಅವಮಾನ ಹೇಗಾಗುತ್ತದೆ?

"ಹಾಗಾದರೆ ಸಂಬಂಧದಲ್ಲಿ ಮದುವೆಯೇ ಬೇಡ ಅಂತೀಯಾ?" ಎಂಬುದು ಎರಡನೆಯದು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಒಂದೇ ಅಜ್ಜ–ಅಜ್ಜಿಯಿಂದ ಬಂದ ಅಡಗಿದ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಹೆಚ್ಚು. ಇದು ನಿಜ. ಇದು ನಮ್ಮ ಸಮುದಾಯದ್ದು ಮಾತ್ರವಲ್ಲ, ದಕ್ಷಿಣ ಭಾರತದ ಎಷ್ಟೋ ಸಮುದಾಯಗಳಲ್ಲಿ ಸೋದರಿಕೆಯ ಮದುವೆ ನಡೆದುಬಂದಿದೆ. ಯಾರ ಮದುವೆಯನ್ನೂ ತಪ್ಪು ಎನ್ನಲು ನಾನು ಯಾರೂ ಅಲ್ಲ. ನನ್ನ ಮಾವ–ಮಾಮಿಯೂ ದೂರದ ಸಂಬಂಧಿಗಳೇ. ಸಂಬಂಧವೇ ಇಲ್ಲದವರಲ್ಲೂ ಒಂದೇ ಜೀನಿನ ಕೆಟ್ಟ ಪ್ರತಿ ಇಬ್ಬರಲ್ಲೂ ಇರಬಹುದು. ಮನೆತನದಲ್ಲಿ ಇಂಥದ್ದು ಕಂಡಿದ್ದರೆ ಮುಚ್ಚಿಡದೆ, ಮದುವೆಗೆ ಮೊದಲು ವೈದ್ಯರ ಹತ್ತಿರ ವಂಶವಾಹಿ ಸಲಹೆ ಕೇಳಿ ಎಂಬುದಷ್ಟೇ ನನ್ನ ಮಾತು. ಚಿನ್ನ ಎಷ್ಟು, ಊಟಕ್ಕೆ ಎಷ್ಟು ಜನ ಎಂದು ಕೇಳಲು ನಮಗೆ ಸಂಕೋಚವಿಲ್ಲ. ಇದನ್ನು ಕೇಳಲು ಯಾಕೆ ಸಂಕೋಚ?

ನಮ್ಮ ಮಾತಿನಲ್ಲೇ ಒಂದು ತೊಡಕಿದೆ ಎಂದೂ ನನಗೆ ಅನ್ನಿಸುತ್ತದೆ. ಡಾಮಿನೆಂಟ್ ಎಂದರೆ ಪ್ರಬಲ, ರಿಸೆಸಿವ್ ಎಂದರೆ ದುರ್ಬಲ ಎಂದು ಕಲಿತುಬಿಡುತ್ತೇವೆ. ಆಮೇಲೆ ಪ್ರಬಲ ಎಂದರೆ ಒಳ್ಳೆಯದು, ದುರ್ಬಲ ಎಂದರೆ ದೋಷ ಎಂಬ ಅರ್ಥ ತಾನಾಗಿಯೇ ಅಂಟಿಕೊಳ್ಳುತ್ತದೆ. ಹಾಗೇನೂ ಇಲ್ಲ. ಒಂದು ಪ್ರತಿ ಇದ್ದರೆ ಕಾಣುವುದು ಒಂದು, ಎರಡು ಇದ್ದರೆ ಮಾತ್ರ ಕಾಣುವುದು ಇನ್ನೊಂದು. ಬಲಾಬಲದ ಪ್ರಶ್ನೆಯೇ ಅಲ್ಲ. "ಅಡಗಿದ ಗುಣ" ಎಂದರೆ ಎಷ್ಟೋ ವಾಸಿ. ಹಾಗೆಯೇ "ಕೆಂಪಿನ ಜೀನ್", "ಬಿಳುಪಿನ ಜೀನ್", "ಜಾಣತನದ ಜೀನ್" ಎಂದು ಸಲೀಸಾಗಿ ಹೇಳುವುದನ್ನು ನಾವು ಬಿಡಬೇಕು. ಒಂದು ಹಾವಿನ ಕೆಂಪಿಗೇ ಇಷ್ಟು ದಾರಿಗಳಿವೆ. ಮನುಷ್ಯನ ಮೈಬಣ್ಣಕ್ಕೆ ಇನ್ನೂ ಹೆಚ್ಚು ಜೀನ್‌ಗಳು ಸೇರುತ್ತವೆ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಬಣ್ಣದವರಾಗುವುದು ಅದಕ್ಕೇ. ಅದನ್ನು ನೋಡಿಕೊಂಡು ಹೆಣ್ಣು ಒಪ್ಪುವ, ಬಿಡುವ ಮಾತಾಡುವವರಿಗೆ ಈ ಹಾವಿನ ಚಿತ್ರ ತೋರಿಸಬೇಕು.

ಕುರ್‌ಆನಿನ ಸೂರಾ ಫಾತಿರ್‌ನಲ್ಲಿ ಬೆಟ್ಟಗಳ ಬಿಳಿ, ಕೆಂಪು, ಕಡುಗಪ್ಪು ಪಟ್ಟೆಗಳ ಪ್ರಸ್ತಾಪ ಬರುತ್ತದೆ. ಮನುಷ್ಯರ, ಪ್ರಾಣಿಗಳ ಬಣ್ಣಗಳ ವೈವಿಧ್ಯದ ಪ್ರಸ್ತಾಪ ಬರುತ್ತದೆ. ಅದರ ಬೆನ್ನಲ್ಲೇ ಬರುವುದು ಅರಿವುಳ್ಳವರ ಮಾತು. ಬಣ್ಣದ ಬಗ್ಗೆ ಹೇಳಿದ ಕೂಡಲೇ ಅರಿವಿನ ಬಗ್ಗೆ ಹೇಳಿರುವುದು ನನ್ನಂಥ ವಿಜ್ಞಾನದ ವಿದ್ಯಾರ್ಥಿಗೆ ಒಂದು ಕರೆಯಂತೆ ಕೇಳಿಸುತ್ತದೆ. ಬಣ್ಣಗಳನ್ನು ನೋಡಿ ಹೆಸರಿಟ್ಟು ಕರೆಯಲು ಅಲ್ಲ, ತಿಳಿದುಕೊಳ್ಳಲು.

ಕೊನೆಗೆ ಕೆಲಸದ ಮಾತು. ನನ್ನ ಮಾವನ ಮಗ ಈಗ ಎಸ್ಸೆಸ್ಸೆಲ್ಸಿ. ಮುಂದಿನ ವರ್ಷ ನಮ್ಮ ಕಾಲೇಜಿಗೇ ಸೇರಬೇಕೆಂದಿದ್ದಾನೆ, ವಿಜ್ಞಾನವನ್ನೇ ತೆಗೆದುಕೊಳ್ಳುತ್ತಾನಂತೆ. ಆಲ್ಬಿನಿಸಂ ಎಂದರೆ ಚರ್ಮದ ಬಣ್ಣ ಮಾತ್ರವಲ್ಲ. ಕಣ್ಣಿನ ಪರದೆ ಪೂರ್ತಿ ಬೆಳೆಯಲು ಮೆಲನಿನ್ ಬೇಕು. ಅದಿಲ್ಲದ್ದರಿಂದ ದೂರದ್ದು ಸರಿಯಾಗಿ ಕಾಣುವುದಿಲ್ಲ, ಕನ್ನಡಕದಿಂದಲೂ ಪೂರ್ತಿ ಸರಿಹೋಗುವುದಿಲ್ಲ. ಕಣ್ಣುಗುಡ್ಡೆ ತಾನಾಗಿಯೇ ಅಲುಗಾಡುತ್ತಿರುತ್ತದೆ. ಬಿಸಿಲು ಚುಚ್ಚುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಅವನು ಲೆಕ್ಕದಲ್ಲಿ ನನಗಿಂತ ಚುರುಕು. ಅವನಿಗೆ ಈವರೆಗೆ ಶಾಲೆಯಲ್ಲಿ ಕಷ್ಟವಾದದ್ದು ಪಾಠವಲ್ಲ. ಹಿಂದಿನ ಬೆಂಚು, ಕರಿಹಲಗೆಯ ಮೇಲಿನ ಸಣ್ಣ ಅಕ್ಷರ, ಮತ್ತು "ಫಾರಿನರ್" ಎಂಬ ಕೂಗು.

ಆದ್ದರಿಂದ ಉಪನ್ಯಾಸಕರಲ್ಲಿ ನನ್ನ ಬೇಡಿಕೆ ಮೂರು. ಅವನಂಥ ಯಾರೇ ಬಂದರೂ ಮುಂದಿನ ಬೆಂಚು ಅವರದ್ದು, ಕೇಳದೆಯೇ ಸಿಗಲಿ. ನಮ್ಮ ಕಾಲೇಜಿನ ಕಿರುಪರೀಕ್ಷೆಗಳ ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನಕ್ಕೆ ಹೋಗುವಾಗ ಸಮವಸ್ತ್ರದ ನಿಯಮ ಎನ್ನದೆ ಟೋಪಿ, ಕಪ್ಪು ಕನ್ನಡಕ ಹಾಕಲು ಬಿಡಿ. ಕಡಿಮೆ ದೃಷ್ಟಿ ಇರುವವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಜಾಗವಿದೆ. ಇದು ದಯೆಯ ಪ್ರಶ್ನೆಯಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಅವನು ಬಂದಾಗ ಅವನ ಹೆಸರು ಹಿಡಿದು ಕರೆಯಿರಿ. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ, ಪ್ರಥಮ ಪಿಯುಸಿಯವರೇ ಆಗಲಿ, ಹಾಳೆ ತೆಗೆದು ನಾಲ್ಕು ಮನೆಯ ಚೌಕ ಬರೆದು ತೋರಿಸಿ. ತಾಯಿಯ ಪ್ರತಿ ಒಂದು ಕಡೆ, ತಂದೆಯ ಪ್ರತಿ ಒಂದು ಕಡೆ.

ಅಸೈನ್‌ಮೆಂಟ್ ವಾಪಸು ಬಂದ ಮೇಲೆ ಆ ಚೌಕವನ್ನು ನಾನು ಮಾಮಿಗೂ ತೋರಿಸಿದೆ. ಮೊದಲು ಹಾವು, ಆಮೇಲೆ ಮನುಷ್ಯರು ಎಂದು ಎರಡು ಸಲ ಬರೆದು ತೋರಿಸಬೇಕಾಯಿತು. ಮಾಮಿ ಬಹಳ ಹೊತ್ತು ಹಾಳೆ ನೋಡಿದರು. "ಹಾಗಾದರೆ ಅರ್ಧ ನಿಮ್ಮ ಮಾವನದ್ದಾ?" ಎಂದು ಕೇಳಿದರು. ಹೌದು ಎಂದೆ. ಅವರು ಹಾಳೆಯನ್ನು ಮಡಚಿ, ಮಾವ ಬರುವವರೆಗೆ ಇರಲಿ ಎಂದು ಫ್ರಿಜ್ಜಿನ ಮೇಲೆ ಇಟ್ಟರು.